ಗುರುಶಾಂತಮ್ಮ ಟೀವಿಗೆ ಪ್ರಶ್ನೆ ಕೇಳಿದರು

ಹೊತ್ತು ಮುಳುಗಿತೆಂದರೆ ಸಾಕು, ಗುರುಶಾಂತಮ್ಮನವರ ಮನೆಯಲ್ಲಿ ಏನಾದರೊಂದು ಧಡ್ ಎಂದು ಬೀಳುತ್ತಿತ್ತು. ಮೊನ್ನೆ ನೀರಿನ ಕೊಡ ಉರುಳಿತು. ನಿನ್ನೆ ಮಜ್ಜಿಗೆ ಗಡಿಗೆ ಹೋಯಿತು. ಇವತ್ತು ಬಿದ್ದವಳು ಐದು ವರ್ಷದ ಮೊಮ್ಮಗಳು ಗೌರಾಬಾಯಿಯೇ. ದಿನಾ ದಾಟುವ ಹೊಸ್ತಿಲನ್ನೇ ಎಡವಿ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಿದ್ದಳು.

"ಕಣ್ಣು ಎಲ್ಲಿಟ್ಟಿದ್ದಿ ಬೇ?" ಎನ್ನುತ್ತ ಸೊಸೆ ಹೀರಾಬಾಯಿ ಓಡಿ ಬಂದು ಮಗಳನ್ನು ಎತ್ತಿಕೊಂಡಳು.

"ಕಣ್ಣು ಎಲ್ಲಿಂದ ಇರ್ತಾವ? ಆ ಪೆಟ್ಟಿಗಿ ತಿಂದು ಕುಂತದಲ್ಲ!" ಎಂದು ಗುರುಶಾಂತಮ್ಮ ಮೂಲೆಯಲ್ಲಿದ್ದ ಟೀವಿಯ ಕಡೆ ಕೈ ಚಾಚಿದರು.

ಗುರುಶಾಂತಮ್ಮ ಅಂದರೆ ಚೌಡಾಪುರದಲ್ಲಿ ಗಟ್ಟಿ ಹೆಂಗಸು. ಗಾಣಗಾಪುರಕ್ಕೆ ಹೊರಟ ಬಸ್ಸು ಬೇಕಾದರೆ ಅರ್ಧ ದಾರಿಯಿಂದ ಹಿಂದಕ್ಕೆ ತಿರುಗೀತು, ಅವರು ಆಡಿದ ಮಾತು ತಿರುಗುವುದಿಲ್ಲ. ಆ ಟೀವಿ ತಂದವನು ಅವರ ಮಗ ದೌಲತರಾಯ. ಅವನಿಗೆ ಆಳಂದದ ಬೇಳೆ ಮಿಲ್ಲಿನಲ್ಲಿ ಕೆಲಸ, ಮನೆಗೆ ಬರುವುದು ರವಿವಾರ ಮಾತ್ರ. ಟೀವಿ ಬಂದ ಮೊದಲ ದಿನ ಸುದ್ದಿ ಓದುವ ಗಂಡಸು ಪರದೆಯ ಮೇಲೆ ಬಂದು "ನಮಸ್ಕಾರ" ಎಂದ. ಗುರುಶಾಂತಮ್ಮ ತಟ್ಟನೆ ಎದ್ದು ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಶರಣ್ರಿ" ಎಂದರು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು.

"ಏನ್ ನಗ್ತೀರಿ? ಆತ ನಮ್ಮ ಮುಖ ನೋಡೇ ಮಾತಾಡಾಕತ್ತಾನ. ಆತ ನಮಗ ಕಾಣ್ತಾನ ಅಂದ್ರ ನಾವು ಆತಗ ಕಾಣಂಗಿಲ್ಲೇನು? ಮರ್ಯಾದಿ ಬ್ಯಾಡ?" ಎಂದು ಅವರು ಎಲ್ಲರ ಬಾಯಿ ಮುಚ್ಚಿಸಿದ್ದರು. ದೌಲತರಾಯ ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. ಅಂದಿನಿಂದ ಟೀವಿ ಹಚ್ಚಿದರೆ ಅತ್ತೆಯ ತಲೆಯ ಮೇಲೂ ಸೆರಗು, ಸೊಸೆಯ ತಲೆಯ ಮೇಲೂ ಸೆರಗು.

ಮೊಮ್ಮಗಳು ಎಡವತೊಡಗಿದ ಮೊದಲ ದಿನಗಳಲ್ಲೇ ಅವರು ಇನ್ನೊಂದು ತೀರ್ಮಾನಕ್ಕೆ ಬಂದಿದ್ದರು. ಕೂಸು ಆ ಪೆಟ್ಟಿಗೆಯನ್ನೇ ನೋಡುತ್ತ ಕೂರುತ್ತಿತ್ತು, ಪೆಟ್ಟಿಗೆ ಅದರ ಕಣ್ಣಿನ ಬೆಳಕು ಎಳೆದುಕೊಂಡಿತು. ಮತ್ತೇನು ಬೇಕು? ಸೊಲ್ಲಾಪುರದ ಚಾದರ ತಂದು ಟೀವಿಗೆ ಹೊದಿಸಿ, ಹಗ್ಗ ಸುತ್ತಿ, ಬಿಗಿಯಾಗಿ ಗಂಟು ಹಾಕಿದ್ದರು. ಪಾಪ, ಟೀವಿ ಯಾತ್ರೆಗೆ ಹೊರಟ ಗಂಟಿನ ಹಾಗೆ ಮೂಲೆಯಲ್ಲಿ ಕೂತಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಎಡವತೊಡಗುವುದಕ್ಕೂ ಸ್ವಲ್ಪ ಮುಂಚೆ ಗೌರಾಗೆ ದಡಾರ ಬಂದಿತ್ತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅನ್ನುತ್ತಾರೆ. ಗೊಬ್ಬರ ಎದ್ದರೆ ಅಮ್ಮ ಬಂದಳು ಎಂದು ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಕೂಸಿಗೆ ಪಥ್ಯ. ಬಿಳಿ ಅನ್ನದ ಗಂಜಿ, ಚಿಟಿಕೆ ಉಪ್ಪು, ಅಷ್ಟೇ. ಪಲ್ಯ ಇಲ್ಲ, ಹಾಲಿಲ್ಲ, ಎಣ್ಣೆ ಇಲ್ಲ, ತುಪ್ಪ ಇಲ್ಲ. ಬೇವಿನ ಗಿಡದ ಕೆಳಗಿನ ಅಮ್ಮನಿಗೆ ಅಕ್ಕಿ, ಕಾಯಿ, ಖಣ ಕೊಟ್ಟು ಉಡಿ ತುಂಬಿದ ಮೇಲೆಯೇ ಪಥ್ಯ ಬಿಡುವುದು. ಉಡಿ ತುಂಬುವುದು ಶುಕ್ರವಾರ, ಅಪ್ಪನಾದವನು ಎದುರಿಗೆ ಇರಬೇಕು. ದೌಲತರಾಯ ಬರುವುದು ರವಿವಾರ! ತೊಗರಿ ಸುಗ್ಗಿ ಮುಗಿದು ಮಿಲ್ಲು ಹಗಲೂ ರಾತ್ರಿ ನಡೆಯುವ ಕಾಲ, ಶುಕ್ರವಾರದ ರಜೆ ಅವನಿಗೆ ಸಿಗಲೇ ಇಲ್ಲ. ಮೈಮೇಲಿನ ಗುಳ್ಳೆ ಯಾವಾಗಲೋ ಮಾಯವಾದವು. ಗಂಜಿ ಮಾತ್ರ ಹಾಗೇ ನಡೆಯಿತು. ಅಜ್ಜಿಗೆ ಮೊಮ್ಮಗಳೆಂದರೆ ಪ್ರಾಣ. ಪಥ್ಯ ಮುರಿದರೆ ಮತ್ತೆ ಮೈತುಂಬ ಏಳುತ್ತದೆ ಎಂಬ ಭಯಕ್ಕೆ ಅವರು ಕೂಸಿನ ತಾಟನ್ನು ತಾವೇ ಕಾಯುತ್ತಿದ್ದರು.

ಆ ಸಂಜೆ ಗೋಡೆಯಾಚೆಯ ಬಾನುಬಿ ಅಳುವ ದನಿ ಕೇಳಿ ಬಂದಳು. ಬಾನುಬಿ ಪೀರಸಾಬನ ಹೆಂಡತಿ, ನಾಲ್ಕು ಕೋಳಿ ಸಾಕಿಕೊಂಡವಳು. ಗುರುಶಾಂತಮ್ಮನಿಗೆ ಅವಳ ಮೇಲೆ ಭಾಳ ಜೀವ, ಆದರೆ ಅವಳ ಕೋಳಿಗಳು ಹಿತ್ತಲಿಗೆ ಬಂದರೆ ಮಾತ್ರ ಸಿಟ್ಟು.

"ಯಾಕಕ್ಕಾ, ಪೋರಿ ಮತ್ತ ಬಿತ್ತೇನ್ರಿ?" ಎಂದಳು ಬಾನುಬಿ.

"ಬಿತ್ತು ನೋಡು. ಎಲ್ಲಾ ಆ ಟೀವಿ ಮಾಡಿದ್ದು."

ಬಾನುಬಿ ಚಾದರ ಹೊದ್ದ ಟೀವಿಯನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಕ್ಕಾ, ಟೀವಿ ಬಂದ್ ಮಾಡಿ ಎಷ್ಟು ದಿನ ಆತ್ರಿ? ಕಣ್ಣು ಸುಧಾರಿಸಬೇಕಿತ್ತಲ್ಲ? ಹೆಚ್ಚೇ ಆಗ್ಯದ."

ಗುರುಶಾಂತಮ್ಮ ಎಲೆ ಅಡಿಕೆ ಚೀಲ ಹತ್ತಿರ ಎಳೆದುಕೊಂಡರು. ಮಾತಿನಲ್ಲಿ ಸೋತಾಗ ಅವರು ಮಾಡುವ ಕೆಲಸ ಅದೊಂದೇ. ಬಿಚ್ಚಿ ಅಡಿಕೆ ಕತ್ತರಿಸತೊಡಗಿದರು.

"ಇದನ್ನ ಟೀವಿಗೇ ಕೇಳೋಣ್ರಿ" ಎಂದಳು ಬಾನುಬಿ.

"ಏನಂದಿ? ಟೀವಿಗಿ ಕೇಳೋದಾ?"

"ಹೌದ್ರಿ. ಬುಧವಾರ ಸಂಜಿಗಿ ಒಬ್ಬ ಡಾಕ್ಟರ್ ಬಂದು ಕುಂಡ್ರತಾರ. ಪರದಿ ಕೆಳಗ ಫೋನ್ ನಂಬರ್ ಬರ್ತದ. ಎಸ್.ಟಿ.ಡಿ. ಬೂತಿನಿಂದ ನಂಬರ್ ಹಚ್ಚಿ ಕೇಳಿದ್ರ, ಅವ್ರು ಟೀವಿಯೊಳಗೇ ಜವಾಬು ಕೊಡ್ತಾರ. ಒಂದು ವಾರ ಆರೋಗ್ಯದ್ದು, ಒಂದು ವಾರ ದನಕರುದ್ದು. ಈ ವಾರ ಆರೋಗ್ಯದ್ದೇ ಅದ. ನನ್ನ ಕೋಳಿ ಪಟಪಟ ಸಾಯಾಕತ್ತಿದ್ವಲ್ಲ, ನಾ ಕೇಳಿದ್ದೆ. ಕೋಳಿಗೂ ಲಸಿಕಿ ಅದ ಅಂತ ಹೇಳಿದ್ರು. ಹಾಕಿಸಿದೆ. ಈಗ ನೋಡ್ರಿ, ಒಂದೂ ಸತ್ತಿಲ್ಲ."

"ಸತ್ತಿಲ್ಲ, ಅದಕ್ಕೇ ನನ್ನ ಹಿತ್ತಲಾ ಎಲ್ಲಾ ಕೆದರ್ತಾವ" ಎಂದರು ಗುರುಶಾಂತಮ್ಮ. ಆದರೆ ಅಡಿಕೆ ಕತ್ತರಿಸುವ ಕೈ ನಿಂತಿತ್ತು. "ಅಂದ್ರ ಆ ಪೆಟ್ಟಿಗಿಗಿ ಕಿವಿನೂ ಅದ ಅನ್ನು! ನಾ ಹೇಳಿಲ್ಲೇನು? ಕೇಳ್ತದ ಅಂದ ಮ್ಯಾಲ ನೋಡ್ತದ."

"ಯಾ ಅಲ್ಲಾ! ಹಂಗಲ್ರಿ ಅಕ್ಕಾ. ಅವ್ರ ಚಿತ್ರ ಮ್ಯಾಲ ಆಕಾಶದಾಗಿನ ಉಪಗ್ರಹದಿಂದ ನಮ್ಮನಿಗಿ ಬರ್ತದ. ನಮ್ಮ ಮಾತು ಫೋನಿನಾಗ ಅವ್ರ ಹತ್ರ ಹೋಗ್ತದ. ಎರಡೂ ಬ್ಯಾರೆ ದಾರಿ. ನಾವು ಅವ್ರಿಗಿ ಕಾಣಂಗಿಲ್ಲ."

"ಕಾಣ್ಲಿ ಬಿಡ್ಲಿ, ಊರೆಲ್ಲ ಕೇಳ್ತದಲ್ಲ? ಅಫಜಲಪುರದವ್ರು ಕೇಳ್ತಾರ, ಜೇವರ್ಗಿಯವ್ರು ಕೇಳ್ತಾರ. ನಾಳಿ ಪೋರಿಗಿ ಕುರುಡಿ ಅಂತ ಹೆಸರು ಬಿದ್ರ ಯಾರು ಸೊಸಿ ಮಾಡ್ಕೋತಾರ? ಬ್ಯಾಡ ಬಾನುಬಿ. ನನ್ನ ಮನಿ ಹೆಸರು ಆ ಪೆಟ್ಟಿಗ್ಯಾಗ ಬರಬಾರ್ದು."

"ಹೆಸರು ಹೇಳೋದು ಬ್ಯಾಡ್ರಿ. ಒಬ್ಬ ತಾಯಿ ಅಂದ್ರ ಸಾಕು."

"ಬ್ಯಾಡ ಅಂದ್ರ ಬ್ಯಾಡ" ಎಂದರು ಗುರುಶಾಂತಮ್ಮ. ಬಾನುಬಿ ಎದ್ದು ಹೋದಳು. ಹೀರಾಬಾಯಿ ಬಾಗಿಲ ಮರೆಯಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದನ್ನು ಅತ್ತೆ ನೋಡಿಯೂ ನೋಡದಂತೆ ಇದ್ದರು.

ಮರುದಿನ ಸಂಜೆ ಗುರುಶಾಂತಮ್ಮ ಪಡಸಾಲೆಯಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ತಲೆಯ ಮೇಲೆ ಹಳದಿ ಬಲ್ಬು ಮಂದವಾಗಿ ಉರಿಯುತ್ತಿತ್ತು. ಗೌರಾ ಗೋಡೆ ಹಿಡಿದು, ತಡಕಾಡುತ್ತ, ಮೆಲ್ಲಗೆ ಬಂದು ಅವರ ಬೆನ್ನಿಗೆ ಒರಗಿದಳು.

"ಆಯಿ, ದೀಪಾ ಯಾಕ ಹಚ್ಚಿಲ್ಲ?"

ಗುರುಶಾಂತಮ್ಮನ ಸೂಜಿ ಅಲ್ಲೇ ನಿಂತಿತು. ಬಲ್ಬು ನೋಡಿದರು. ಮೊಮ್ಮಗಳ ಮುಖ ನೋಡಿದರು. ಕೂಸಿನ ಕಣ್ಣು ತೆರೆದೇ ಇದ್ದವು, ಆದರೆ ಅವರ ಮುಖವನ್ನು ಬಿಟ್ಟು ಎಲ್ಲೋ ನೋಡುತ್ತಿದ್ದವು. "ಹಚ್ತೇನಿ ನನ್ನವ್ವಾ, ಈಗ ಹಚ್ತೇನಿ" ಎಂದು ಅವಳನ್ನು ಎದೆಗೆ ಅವಚಿಕೊಂಡು, ಆ ಗಟ್ಟಿ ಹೆಂಗಸು ಗೊಳೋ ಎಂದು ಅತ್ತುಬಿಟ್ಟರು. ಹೆಸರು ಹೋದರೆ ಹೋಗಲಿ, ಕೂಸಿನ ಕಣ್ಣು ಹೋಗಬಾರದು. ಅಲ್ಲಿಂದಲೇ ಗೋಡೆಯಾಚೆಗೆ ಕೂಗು ಹಾಕಿದರು.

"ಬಾನುಬೀ! ಬುಧವಾರ ಯಾವಾಗ ಬರ್ತದ ಬೇ?"

"ನಾಳೇನೇ ರೀ ಅಕ್ಕಾ!"

ಬುಧವಾರ ಸಂಜೆ ಚಾದರದ ಗಂಟು ಬಿಚ್ಚಿತು. ಜಹೀರುದ್ದೀನನ ಎಸ್.ಟಿ.ಡಿ. ಬೂತು ಮನೆಯ ಎದುರಿಗೇ, ರಸ್ತೆ ದಾಟಿದರೆ ಬಂತು. ಹೀರಾಬಾಯಿ ಬೂತಿಗೆ ಹೋದಳು. ಹೋಗುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ಹೆಸರು ಹೇಳಬ್ಯಾಡ, ಊರೂ ಹೇಳಬ್ಯಾಡ." ಮನೆಯಲ್ಲಿ ಟೀವಿಯ ಮುಂದೆ ಬಾನುಬಿ, ಅವಳ ತೊಡೆಯ ಮೇಲೆ ಗೌರಾ, ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದ ಗುರುಶಾಂತಮ್ಮ.

ಕನ್ನಡಕದ ಡಾಕ್ಟರು ಬಂದು ಕೂತರು. ಯಾರೋ ಮೊಣಕಾಲು ನೋವು ಎಂದರು, ಇನ್ಯಾರೋ ತಲೆಸುತ್ತು ಎಂದರು. ಹೀರಾಬಾಯಿಗೆ ಲೈನು ಸಿಗಲಿಲ್ಲವೋ ಏನೋ ಎಂದು ಗುರುಶಾಂತಮ್ಮ ಮತ್ತೆ ಮತ್ತೆ ಬಾಗಿಲಾಚೆ ಬೂತಿನ ಕಡೆ ನೋಡುತ್ತಿದ್ದರು. ಆಗ ಟೀವಿಯೊಳಗಿಂದ ಸೊಸೆಯ ದನಿ ಕೇಳಿತು.

"ನಮಸ್ಕಾರ್ರಿ ಡಾಕ್ಟರ್ರೇ. ನನ್ನ ಮಗಳಿಗಿ ಹೊತ್ತು ಮುಳುಗಿದ ಮ್ಯಾಲ ಕಣ್ಣು ಕಾಣಂಗಿಲ್ರಿ. ಹಗಲಿನಾಗ ಚಂದಾಗಿ ಓಡಾಡ್ತಾಳ."

"ಯವ್ವಾ, ನಮ್ಮ ಹೀರಾ!" ಎಂದು ಗುರುಶಾಂತಮ್ಮ ಬಾನುಬಿಯ ಕೈ ಹಿಡಿದುಕೊಂಡರು. ಮನೆಯಲ್ಲಿ ಪಿಸುಮಾತು ಆಡುವ ಸೊಸೆ ಇಷ್ಟು ಚೊಕ್ಕವಾಗಿ ಮಾತಾಡುತ್ತಾಳೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಇತ್ತೀಚೆಗೆ ಮಗುವಿಗೆ ದಡಾರ ಬಂದಿತ್ತಾ ತಾಯಿ?" ಎಂದರು ಡಾಕ್ಟರು.

"ಹೌದ್ರಿ, ಬಂದಿತ್ತು."

"ಊಟಕ್ಕೆ ಏನು ಕೊಡ್ತಾ ಇದ್ದೀರಿ? ಸೊಪ್ಪು, ಹಾಲು, ಎಣ್ಣೆ ತುಪ್ಪ ಏನಾದರೂ?"

ಟೀವಿ ಸುಮ್ಮನಾಯಿತು. ಹೀರಾಬಾಯಿ ಯಾಕೆ ಸುಮ್ಮನಾದಳೆಂದು ಈ ಕಡೆ ಗುರುಶಾಂತಮ್ಮನಿಗೆ ತಿಳಿದುಹೋಯಿತು. ನಾಡೆಲ್ಲ ಕೇಳುವಾಗ ಆ ಹುಡುಗಿ ಅತ್ತೆಯನ್ನು ಬಿಟ್ಟುಕೊಡಲಾರಳು.

"ಹೇಳು ಬೇ! ಗಂಜಿ ಅಂತ ಹೇಳು! ನಮ್ಮತ್ತಿ ಪಥ್ಯ ಇಟ್ಟಾಳ ಅಂತ ಹೇಳು!" ಎಂದು ಗುರುಶಾಂತಮ್ಮ ಟೀವಿಗೆ ಕೂಗಿದರು.

"ಅಕ್ಕಾ, ಇಲ್ಲಿಂದ ಕೇಳ್ಸಂಗಿಲ್ರಿ" ಎಂದಳು ಬಾನುಬಿ.

"ಮನ್ಯಾಗ ಮಾಡಿದ್ದು... ಎಲ್ಲಾ ಕೊಡ್ತೇವ್ರಿ" ಎಂದಿತು ಟೀವಿಯೊಳಗಿನ ಹೀರಾಬಾಯಿಯ ದನಿ, ಮೆಲ್ಲಗೆ.

"ಎಲ್ಲಾ ಕೊಡ್ತೀರಾ? ಹಾಗಾದರೆ ಬೇರೆ ಏನೋ ಇರಬೇಕು. ಸರಿಯಾಗಿ ನೆನಪು ಮಾಡಿಕೊಳ್ಳಿ ತಾಯಿ, ಫೋನ್ ಇಡಬೇಡಿ" ಎಂದರು ಡಾಕ್ಟರು.

ಅಷ್ಟು ಕೇಳಿದ್ದೇ ತಡ, ಗುರುಶಾಂತಮ್ಮ ಎದ್ದರು. ಚಪ್ಪಲಿ ಇಲ್ಲ, ಏನಿಲ್ಲ. ಬರಿಗಾಲಲ್ಲಿ ರಸ್ತೆ ದಾಟಿ, ಬೂತಿನ ಗಾಜಿನ ಬಾಗಿಲು ತಳ್ಳಿ, ಸೊಸೆಯ ಕೈಯಿಂದ ಫೋನು ಕಸಿದುಕೊಂಡರು.

"ಡಾಕ್ಟರ್ರೇ! ಆಕಿ ನನ್ನ ಮರ್ಯಾದಿ ಕಾಯಾಕ ಸುಳ್ಳು ಹೇಳಾಕತ್ತಾಳ್ರಿ. ಪೋರಿಗಿ ಗೊಬ್ಬರ ಎದ್ದಾಗಿಂದ ಬರೇ ಗಂಜಿ ಹಾಕಾಕತ್ತೇವಿ. ಪಲ್ಯ ಇಲ್ಲ, ಹಾಲಿಲ್ಲ, ಎಣ್ಣಿ ಇಲ್ಲ. ಪಥ್ಯ ಇಟ್ಟಾಕಿ ನಾನು, ಚೌಡಾಪುರದ ಗುರುಶಾಂತಮ್ಮ!"

ಹೆಸರೂ ಹೋಯಿತು, ಊರೂ ಹೋಯಿತು. ಎದುರಿನ ಮನೆಯಲ್ಲಿ ಬಾನುಬಿ ಟೀವಿಯೊಳಗೆ ಅದನ್ನು ಕೇಳಿ "ಶಾಬಾಸ್ ಅಕ್ಕಾ!" ಎಂದು ಚಪ್ಪಾಳೆ ತಟ್ಟಿದಳಂತೆ.

"ಹೇಳಿ ಭಾಳ ಒಳ್ಳೆಯದು ಮಾಡಿದಿರಿ ಅಮ್ಮ. ಈಗ ಗೊತ್ತಾಯಿತು. ಇದಕ್ಕೆ ಇರುಳುಗಣ್ಣು ಅಂತಾರೆ" ಎಂದರು ಡಾಕ್ಟರು. "ದಡಾರ ಬಂದಾಗ ಮಗುವಿನ ಮೈಯಲ್ಲಿರುವ ವಿಟಮಿನ್ ಎ ಖರ್ಚಾಗಿ ಹೋಗ್ತದೆ. ಕಣ್ಣಿಗೆ ಅದೇ ಆಧಾರ. ಮೇಲೆ ಪಥ್ಯವೂ ಆದರೆ ಅದು ತುಂಬಿಕೊಳ್ಳೋದು ಹೇಗೆ? ನಾಳೆ ಬೆಳಿಗ್ಗೆಯೇ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ. ಚಮಚದಲ್ಲಿ ಔಷಧ ಕುಡಿಸ್ತಾರೆ, ಪುಕ್ಕಟೆ. ಮರುದಿನ ಇನ್ನೊಂದು ಸಲ. ಆಮೇಲೆ ಅವರು ಹೇಳಿದಾಗ ಮತ್ತೊಂದು ಸಲ. ಊಟದಲ್ಲಿ ನುಗ್ಗೆಸೊಪ್ಪು, ಮೆಂತೆಸೊಪ್ಪು, ರಾಜಗಿರಿ ಸೊಪ್ಪು, ಪಪ್ಪಾಯಿ, ಗಜ್ಜರಿ ಅಂದರೆ ಕ್ಯಾರೆಟ್, ಹಾಲು, ಸ್ವಲ್ಪ ಎಣ್ಣೆ ತುಪ್ಪ, ಇವತ್ತಿನಿಂದಲೇ ಶುರು ಮಾಡಿ."

"ಕಣ್ಣು... ಕಣ್ಣು ಬರ್ತಾವೇನ್ರಿ?"

"ಬರ್ತಾವೆ. ತಡ ಮಾಡಿದ್ದರೆ ಕಣ್ಣುಗುಡ್ಡೆ ಹುಣ್ಣಾಗಿ ದೃಷ್ಟಿಯೇ ಹೋಗ್ತಿತ್ತು. ನೀವು ಹೊತ್ತಿಗೆ ಸರಿಯಾಗಿ ಕೇಳಿದಿರಿ."

ಗುರುಶಾಂತಮ್ಮ ಬೂತಿನ ಸ್ಟೂಲಿನ ಮೇಲೆ ಕೂತರು.

"ಹಂಗಾದ್ರ ಟೀವಿ ನೋಡಿ ಹೋಗಿದ್ದಲ್ಲೇನ್ರಿ?"

"ಅಲ್ಲಮ್ಮ. ಪಾಪ, ಟೀವಿದು ಏನೂ ತಪ್ಪಿಲ್ಲ. ಮಗು ಸ್ವಲ್ಪ ದೂರ ಕೂತು ನೋಡಲಿ."

"ಇನ್ನೊಂದು ಮಾತ್ರಿ. ನಾ ಈಗ ನಿಮಗ ಕಾಣಾಕತ್ತೇನೇನ್ರಿ?"

ಡಾಕ್ಟರು ನಕ್ಕರು. "ಇಲ್ಲಮ್ಮ, ಕೇಳೋದು ಮಾತ್ರ. ಕಾಣೋದಿಲ್ಲ."

"ಛಲೋ ಆತ್ರಿ" ಎಂದು ಗುರುಶಾಂತಮ್ಮ ಫೋನು ಇಟ್ಟರು. ಓಡಿ ಬಂದ ಗಡಿಬಿಡಿಯಲ್ಲಿ ಸೆರಗು ಜಾರಿ ಹೋಗಿದ್ದು ಅವರಿಗೆ ಆಗಲೇ ಗೊತ್ತಾದದ್ದು. ಜಹೀರುದ್ದೀನ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದ. ಹೀರಾಬಾಯಿ ಮಾತ್ರ ತಲೆ ತಗ್ಗಿಸಿ ನಿಂತಿದ್ದಳು.

"ಅತ್ತೀ, ನಾ ಹೇಳಬಾರ್ದು ಅಂತಲ್ರಿ..."

"ಗೊತ್ತದ ಬೇ. ಇನ್ನ ಮುಂದ ನನ್ನ ಮರ್ಯಾದಿ ಕಾಯಬ್ಯಾಡ, ಕೂಸಿನ ಕಣ್ಣು ಕಾಯಿ. ನಡಿ, ನುಗ್ಗಿಸೊಪ್ಪು ಹರಿಯೋಣ."

ಆ ರಾತ್ರಿ ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಒಗ್ಗರಣೆಯ ಚಟಪಟ ಕೇಳಿತು. "ಅಮ್ಮಗ ಉಡಿ ತುಂಬೋದು ತುಂಬೇ ತುಂಬೋಣ, ದೌಲತರಾಯಗ ರಜಾ ಸಿಗ್ಲಿ" ಎಂದರು ಗುರುಶಾಂತಮ್ಮ. "ಕೂಸು ಎರಡು ತುತ್ತು ಪಲ್ಯ ತಿಂದ್ರ ಅಮ್ಮ ಸಿಟ್ಟಾಗ್ತಾಳೇನು? ಆಕಿನೂ ತಾಯಿನೇ."

ಮರುದಿನ ಬೆಳಿಗ್ಗೆ ದವಾಖಾನೆಯ ನರ್ಸ್ ಸುಮಿತ್ರಾಬಾಯಿ ಇವರನ್ನು ಕಂಡ ಕೂಡಲೇ ಕುರ್ಚಿ ಎಳೆದು ಕೊಟ್ಟಳು. "ನಿನ್ನಿ ಟೀವಿಯೊಳಗ ಮಾತಾಡಿದ ಗುರುಶಾಂತಮ್ಮನೋರು ನೀವೇನ್ರಿ?"

ಗುರುಶಾಂತಮ್ಮ ಅಂಜುತ್ತಲೇ "ಹೌದ್ರಿ" ಎಂದರು. ಈಗ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡರು.

"ಅಲ್ಲಿ ನೋಡ್ರಿ" ಎಂದು ಸುಮಿತ್ರಾಬಾಯಿ ಜಗಲಿ ತೋರಿಸಿದಳು. ಅಲ್ಲಿ ತಾಯಂದಿರು ಕೂಸುಗಳನ್ನು ಕಟ್ಟಿಕೊಂಡು ಸಾಲಾಗಿ ಕೂತಿದ್ದರು. "ಎಲ್ಲಾರೂ ನಿಮ್ಮ ಮಾತು ಕೇಳಿ ಬಂದೋರು. ನಮ್ಮ ಕೂಸೂ ಸಂಜಿಗಿ ಎಡವ್ತದ್ರಿ ಅಂತ ಹೇಳಾಕತ್ತಾರ. ಇಷ್ಟು ದಿನ ನಾಚಿಕಿಗಿ ಯಾರೂ ಬಾಯಿ ಬಿಟ್ಟಿರಲಿಲ್ಲ."

ಕುರುಡಿ ಎಂದು ಹೆಸರು ಬೀಳುತ್ತದೆ ಎಂದು ಹೆದರಿದ್ದ ಅಜ್ಜಿ ಕೊಟ್ಟ ಕುರ್ಚಿ ಬಿಟ್ಟು ಆ ತಾಯಂದಿರ ಸಾಲಿನಲ್ಲೇ ಹೋಗಿ ಕೂತರು. ಗೌರಾ ಚಮಚದ ಔಷಧ ಕುಡಿದು ತುಟಿ ಚಪ್ಪರಿಸಿದಳು. ಶುಕ್ರವಾರ ಮತ್ತೆ ಹೋಗಿ ಕುಡಿದು ಬಂದಳು.

ಶನಿವಾರ ಹೊತ್ತು ಮುಳುಗಿತು. ಅವತ್ತು ಕರೆಂಟು ಇರಲಿಲ್ಲ. ಅಂಗಳದಲ್ಲಿ ಕಪ್ಪು ಕವಿಯುತ್ತಿತ್ತು. ಗುರುಶಾಂತಮ್ಮ ಕಟ್ಟೆಯ ಮೇಲೆ ಗೌರಾಳ ಕೈ ಹಿಡಿದು ಕೂತಿದ್ದರು. ಕೇಳಲೂ ಧೈರ್ಯ ಇಲ್ಲ, ಕೇಳದೆ ಇರಲೂ ಆಗದು.

"ಆಯಿ" ಎಂದಳು ಗೌರಾ.

"ಏನವ್ವಾ?"

"ಬಾನುಬಿ ಆಯಿಯ ಕರಿ ಕೋಳಿ ನಮ್ಮ ಕಟ್ಟಿಗಿ ಸಂದ್ಯಾಗ ಕುಂತದ ನೋಡು."

ಗುರುಶಾಂತಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಕತ್ತಲಲ್ಲಿ ಕಟ್ಟಿಗೆಯ ರಾಶಿ ಬಿಟ್ಟರೆ ಅವರಿಗೆ ಏನೂ ಕಾಣಲಿಲ್ಲ. ಎದ್ದು ಹೋಗಿ ಸಂದಿಗೆ ಕೈ ಹಾಕಿದರು. ಕೊಕ್ ಕೊಕ್ ಎಂದು ಕೋಳಿ ಹಾರಿತು!

"ಹೀರಾ! ಬಾನುಬೀ! ಬರ್ರಿ ಇಲ್ಲಿ! ನನಗ ಕಾಣದ್ದು ಪೋರಿಗಿ ಕಾಣಾಕತ್ತದ!" ಎಂದು ಅವರು ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿತು. ಅಳುತ್ತ ನಗುತ್ತ ಮೊಮ್ಮಗಳ ಎರಡು ಕಣ್ಣಿಗೂ ಮುತ್ತು ಕೊಟ್ಟರು. ಅವತ್ತು ಮೊದಲ ಸಲ ಬಾನುಬಿಯ ಕೋಳಿಗೆ ಆ ಹಿತ್ತಲಲ್ಲಿ ಒಂದು ಹಿಡಿ ಜೋಳ ಸಿಕ್ಕಿತು.

ಸೊಲ್ಲಾಪುರದ ಚಾದರ ಈಗ ಗೌರಾ ಹೊದ್ದುಕೊಳ್ಳುತ್ತಾಳೆ. ಬುಧವಾರ ಬಂತೆಂದರೆ ಗುರುಶಾಂತಮ್ಮನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರುತ್ತಾರೆ. ಏನು ಕೇಳಬೇಕು ಎಂದು ಮೊದಲೇ ಮಾತಾಡಿಕೊಳ್ಳುತ್ತಾರೆ, ಒಬ್ಬರು ಬೂತಿಗೆ ಹೋಗುತ್ತಾರೆ. ಡಾಕ್ಟರು ಪರದೆಗೆ ಬಂದ ಕೂಡಲೇ ಗುರುಶಾಂತಮ್ಮ ಈಗಲೂ ಸೆರಗು ಎಳೆದುಕೊಳ್ಳುತ್ತಾರೆ.

"ಅಕ್ಕಾ, ಅವ್ರಿಗಿ ಕಾಣಂಗಿಲ್ರಿ" ಎಂದು ಬಾನುಬಿ ಕಾಡಿಸಿದರೆ, "ಗೊತ್ತದ ಸುಮ್ನಿರು. ಕೂಸಿನ ಕಣ್ಣು ಉಳಿಸಿದ ಮನಶಾ, ಮರ್ಯಾದಿ ಕೊಡಬ್ಯಾಡ?" ಎನ್ನುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಟೀವಿ ಇದೆಯೇ? ಅದು ಬರೀ ನೋಡುವ ಪೆಟ್ಟಿಗೆಯಲ್ಲ, ಪ್ರಶ್ನೆ ಕೇಳುವುದಕ್ಕೂ ಆಗುತ್ತದೆ. ಕೂಸಿನ ಕಾಯಿಲೆ ಇರಲಿ, ಎಮ್ಮೆಯ ಕೆಚ್ಚಲು ಬಾವು ಇರಲಿ, ಹೊಲದ ಹುಳ ಇರಲಿ, ಅನುಮಾನ ಬಂದರೆ ಕೇಳಿ. ಪರದೆಯ ಮೇಲೆ ಬರುವ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಟೀವಿ ಇಲ್ಲದವರು ನೆರೆಮನೆಗೆ ಹೋಗಿ ಕೂತು ನೋಡಿ, ಟೀವಿ ಇರುವವರು ಬಾಗಿಲು ತೆರೆದಿಡಿ. ಹೆಸರು ಹೇಳಲು ನಾಚಿಕೆಯಾದರೆ ಹೇಳಬೇಡಿ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೂಸಿಗೆ ಒಂಬತ್ತು ತಿಂಗಳಾದಾಗ ದಡಾರದ ಲಸಿಕೆ ಹಾಕಿಸಿ. ದಡಾರ ಬಂದ ಮಗುವಿಗೆ ಊಟ ಕಡಿಮೆ ಮಾಡಬೇಡಿ, ದವಾಖಾನೆಗೆ ಕರೆದುಕೊಂಡು ಹೋಗಿ.

ಇವತ್ತು ಸಂಜೆ ನಿಮ್ಮ ಮಗುವನ್ನು ಅಂಗಳದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಏನೇನು ಕಾಣುತ್ತದೆ ಎಂದು ಒಮ್ಮೆ ಕೇಳಿ ನೋಡಿ. "ದೀಪಾ ಯಾಕ ಹಚ್ಚಿಲ್ಲ?" ಎಂದು ಅದು ಕೇಳುವ ತನಕ ಕಾಯಬೇಡಿ.